ಟೆನಿಸ್ ಶೂ ಆರಿಸುವುದು ಹೇಗೆ: ಮೊದಲು ಕೋರ್ಟ್, ಆಮೇಲೆ ಪಾದ, ಬಣ್ಣ ಕೊನೆಗೆ

ವಾರಕ್ಕೆ ಎರಡು ಮೂರು ದಿನವಾದರೂ ಟೆನಿಸ್ ಆಡುವ ಗಂಡಸರಿಗಾಗಿ ಈ ಬರಹ. ಅಪರೂಪಕ್ಕೊಮ್ಮೆ ಗೆಳೆಯರ ಜೊತೆ ಸುಮ್ನೆ ಚೆಂಡು ತಟ್ಟುವವರು ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಆದರೆ ದಿನಾ ಆಡುವವರೇ ಮಾಡುವ ಒಂದು ವಿಚಿತ್ರ ಇದೆ. ರಾಕೆಟ್ ಕೊಳ್ಳಲು ವಾರಗಟ್ಟಲೆ ಯೋಚಿಸುತ್ತಾರೆ, ತಂತಿಯ ಬಿಗಿತ ಒಂದು ಪೌಂಡ್ ಆಚೀಚೆ ಆಗಬೇಕಾ ಅಂತ ಚರ್ಚೆ ಮಾಡುತ್ತಾರೆ, ಶೂ ಮಾತ್ರ ಬಣ್ಣ ನೋಡಿ ಐದು ನಿಮಿಷದಲ್ಲಿ ಕೊಂಡುಬಿಡುತ್ತಾರೆ. ರಾಕೆಟ್ ಸರಿ ಇಲ್ಲದಿದ್ದರೆ ನಾಲ್ಕು ಪಾಯಿಂಟ್ ಹೋಗುತ್ತದೆ ಅಷ್ಟೇ. ಶೂ ಸರಿ ಇಲ್ಲದಿದ್ದರೆ ಕಾಲು ಉಳುಕಿ ಬೆಂಚಿನ ಮೇಲೆ ಕೂರಬೇಕಾಗುತ್ತದೆ.

ರನ್ನಿಂಗ್ ಶೂ ಬೇಡವೇ ಬೇಡ

ಸಿಂಗಲ್ಸ್ ಕೋರ್ಟಿನ ಅಗಲ 8.23 ಮೀಟರ್. ಬೇಸ್‌ಲೈನಿನ ನಡುವೆ ನಿಂತರೆ ಆ ಕಡೆ ನಾಲ್ಕು ಮೀಟರ್ ಚಿಲ್ಲರೆ, ಈ ಕಡೆ ನಾಲ್ಕು ಮೀಟರ್ ಚಿಲ್ಲರೆ. ಇಷ್ಟು ಜಾಗದಲ್ಲಿ ಓಟ ಅನ್ನುವುದು ಇರುವುದೇ ಮೂರು ನಾಲ್ಕು ಹೆಜ್ಜೆ. ಉಳಿದದ್ದೆಲ್ಲ ಗಕ್ಕನೆ ನಿಲ್ಲುವುದು, ಹೊರಗಿನ ಕಾಲಿನ ಮೇಲೆ ಇಡೀ ಮೈಭಾರ ಹೇರಿ ಹೊಡೆಯುವುದು, ಅದೇ ಕಾಲಿನಿಂದ ನೆಲ ಒದ್ದು ಮತ್ತೆ ನಡುವಿಗೆ ಬರುವುದು. ಹಾಗಾಗಿ ಟೆನಿಸ್ ಶೂಗೆ ಇರುವ ದೊಡ್ಡ ಕೆಲಸ ನಿಮ್ಮನ್ನು ನಿಲ್ಲಿಸುವುದು. ಈ ಒಂದು ಮಾತು ತಲೆಯಲ್ಲಿದ್ದರೆ ಕೆಳಗೆ ಹೇಳುವ ಎಲ್ಲವೂ ಸುಲಭ.

ರನ್ನಿಂಗ್ ಶೂ ಮಾಡಿರುವುದು ಮುಂದಕ್ಕೆ ಓಡಲು. ಅದರ ಹಿಮ್ಮಡಿ ಎತ್ತರ, ಫೋಮ್ ಮೆತ್ತಗೆ, ಪಕ್ಕದ ಬಟ್ಟೆ ತೆಳು. ಪಕ್ಕಕ್ಕೆ ಬ್ರೇಕ್ ಹಾಕಿದಾಗ ಪಾದ ಶೂ ಒಳಗೇ ಜಾರುತ್ತದೆ, ಮೆತ್ತನೆಯ ಅಂಚು ಕುಸಿಯುತ್ತದೆ, ಕಾಲು ಹೊರಕ್ಕೆ ಮಗುಚುತ್ತದೆ. ಬ್ಯಾಡ್ಮಿಂಟನ್ ಶೂ ಇದಕ್ಕಿಂತ ವಾಸಿ ಅನಿಸಬಹುದು, ಆದರೆ ಅದರ ಅಟ್ಟೆ ಒಳಾಂಗಣದ ನೆಲಕ್ಕೆ ಮಾಡಿದ ಮೃದು ರಬ್ಬರು, ಒರಟು ಕೋರ್ಟಿನಲ್ಲಿ ಬೇಗ ಸವೆದು ಹೋಗುತ್ತದೆ. ಇನ್ನು ಅಂಗಡಿಯಲ್ಲಿ ಟೆನಿಸ್ ಹೆಸರಿಟ್ಟು ಮಾರುವ ಬಿಳಿ ಚರ್ಮದ ಶೂಗಳ ಬಗ್ಗೆ ಎಚ್ಚರ. ಅಡಿಡಾಸ್ ಸ್ಟಾನ್ ಸ್ಮಿತ್ ಒಂದು ಕಾಲಕ್ಕೆ ನಿಜವಾಗಿಯೂ ಕೋರ್ಟಿನ ಶೂ ಆಗಿತ್ತು, ಈಗ ಜೀನ್ಸ್ ಜೊತೆ ಚೆನ್ನಾಗಿ ಕಾಣುತ್ತದೆ, ಅಷ್ಟಕ್ಕೇ ಸಾಕು.

ಕೈಗೆ ಸಿಕ್ಕ ಶೂ ನಿಜಕ್ಕೂ ಟೆನಿಸ್‌ಗೆ ಆಗುತ್ತದಾ ಅಂತ ನೋಡಲು ಹೆಚ್ಚು ಹೊತ್ತು ಬೇಡ. ಒಂದು ಕೈಯಲ್ಲಿ ಹಿಮ್ಮಡಿ, ಇನ್ನೊಂದು ಕೈಯಲ್ಲಿ ತುದಿ ಹಿಡಿದು ಬಟ್ಟೆ ಹಿಂಡುವಂತೆ ತಿರುಚಿ. ನಡುಭಾಗ ಸುಲಭವಾಗಿ ತಿರುಚಿಕೊಂಡರೆ ಕೆಳಗಿಡಿ. ಆಮೇಲೆ ತುದಿಯನ್ನು ನೆಲಕ್ಕೆ ಒತ್ತಿ ಬಗ್ಗಿಸಿ. ಬಾಗಬೇಕಾದ್ದು ಬೆರಳುಗಳ ಬುಡ ಬರುವ ಜಾಗದಲ್ಲಿ. ಸರಿಯಾಗಿ ಮಧ್ಯದಲ್ಲೇ ಮಡಚಿಕೊಂಡರೆ ಅದು ಟೆನಿಸ್‌ಗೆ ಆಗುವುದಿಲ್ಲ. ಕೊನೆಗೆ ಹಿಮ್ಮಡಿಯ ಹಿಂಭಾಗವನ್ನು ಹೆಬ್ಬೆರಳು, ತೋರುಬೆರಳುಗಳ ನಡುವೆ ಅದುಮಿ. ಗಟ್ಟಿಯಾಗಿರಬೇಕು. ಒಳಕ್ಕೆ ಕುಸಿಯಬಾರದು.

ಹಂತ 1: ನೀವು ಆಡುವ ನೆಲ ಯಾವುದು?

ಇದನ್ನು ಮೊದಲು ತೀರ್ಮಾನ ಮಾಡಿ, ಅರ್ಧ ಶೂಗಳು ಪಟ್ಟಿಯಿಂದ ತಾವೇ ಹೊರಗೆ ಹೋಗುತ್ತವೆ.

ಹಾರ್ಡ್ ಕೋರ್ಟ್ ಅಂದರೆ ಕಾಂಕ್ರೀಟ್ ಅಥವಾ ಡಾಂಬರಿನ ಮೇಲೆ ಅಕ್ರಿಲಿಕ್ ಪದರ ಬಳಿದ ನೆಲ. ಆ ಪದರದಲ್ಲಿ ಸಣ್ಣ ಮರಳು ಬೆರೆಸಿರುತ್ತಾರೆ. ಚೆಂಡಿನ ವೇಗವನ್ನು ಹೆಚ್ಚು ಕಡಿಮೆ ಮಾಡುವುದೂ ಆ ಮರಳೇ, ನಿಮ್ಮ ಅಟ್ಟೆಯನ್ನು ಉಜ್ಜುಕಾಗದದ ಹಾಗೆ ತಿನ್ನುವುದೂ ಅದೇ. ಇಲ್ಲಿ ಬೇಕಾದ್ದು ದಪ್ಪ, ಗಟ್ಟಿ ರಬ್ಬರಿನ ಅಟ್ಟೆ ಮತ್ತು ಒಳ್ಳೆ ಕುಶನ್, ಏಕೆಂದರೆ ಈ ನೆಲ ಒಂದಿಷ್ಟೂ ಬಿಟ್ಟುಕೊಡುವುದಿಲ್ಲ, ಪೆಟ್ಟೆಲ್ಲ ಮಂಡಿಗೆ ಬರುತ್ತದೆ. ಆಸ್ಟ್ರೇಲಿಯನ್ ಓಪನ್, ಯುಎಸ್ ಓಪನ್ ಎರಡೂ ಹಾರ್ಡ್ ಕೋರ್ಟಿನವು. ನಾವು ನೀವು ಆಡುವುದೂ ಬಹುತೇಕ ಇದರ ಮೇಲೆಯೇ.

ಕ್ಲೇ ಕೋರ್ಟಿಗೆ, ಅಂದರೆ ಮೇಲೆ ಮಣ್ಣಿನ ಪುಡಿ ಹಾಸಿದ ನೆಲಕ್ಕೆ, ಅಟ್ಟೆಯ ಉದ್ದಕ್ಕೂ ಒಂದೇ ಸಮನೆ ಅಂಕುಡೊಂಕು ಗೆರೆಗಳಿರುವ ಶೂ ಬೇಕು. ಇದನ್ನು ಹೆರಿಂಗ್‌ಬೋನ್ ಅನ್ನುತ್ತಾರೆ. ಆ ಗೆರೆಗಳು ಪುಡಿಯನ್ನು ಹಿಡಿಯುತ್ತವೆ, ಬೇಕಾದಾಗ ಜಾರಲೂ ಬಿಡುತ್ತವೆ, ಒಳಗೆ ಸೇರಿದ ಮಣ್ಣು ಹೊರಕ್ಕೆ ಬೀಳಲೂ ಜಾಗ ಕೊಡುತ್ತವೆ. ಕ್ಲೇ ಮೇಲೆ ನಡೆಯುವ ರೋಲ್ಯಾಂಡ್ ಗ್ಯಾರೋಸ್ (ಫ್ರೆಂಚ್ ಓಪನ್) ಪಂದ್ಯಗಳಲ್ಲಿ ಆಟಗಾರರು ಪಾಯಿಂಟ್ ಮಧ್ಯೆ ರಾಕೆಟ್‌ನಿಂದ ಶೂ ಪಕ್ಕಕ್ಕೆ ಟಪ್ ಟಪ್ ಅಂತ ಹೊಡೆಯುವುದನ್ನು ನೋಡಿರುತ್ತೀರಿ, ಗೆರೆಗಳಲ್ಲಿ ಸಿಕ್ಕ ಮಣ್ಣು ಉದುರಿಸುತ್ತಿರುತ್ತಾರೆ. ಕ್ಲೇ ಶೂ ಹಾಕಿ ಹಾರ್ಡ್ ಕೋರ್ಟಿನಲ್ಲಿ ಆಡಬಹುದು, ಕಾಲಿಗೇನೂ ಆಗುವುದಿಲ್ಲ, ಆದರೆ ಅಟ್ಟೆ ಬೇಗ ಬೋಳಾಗುತ್ತದೆ. ಉಲ್ಟಾ ಮಾಡಿದರೆ ತೊಂದರೆ ಬೇರೆ ಥರ. ಹಾರ್ಡ್ ಕೋರ್ಟಿನ ಕೆಲವು ಅಟ್ಟೆಗಳಲ್ಲಿ ಮಣ್ಣು ಮೆತ್ತಿಕೊಂಡು ಹಿಡಿತವೇ ಇಲ್ಲದಂತಾಗುತ್ತದೆ.

ಹುಲ್ಲಿನ ಕೋರ್ಟಿಗೆ ಅಟ್ಟೆಯ ತುಂಬ ಸಣ್ಣ ರಬ್ಬರ್ ಮೊಳೆಗಳಿರುವ ಶೂ. ಹುಲ್ಲಿನ ಮೇಲೆ ಆಡುವ ಅವಕಾಶ ಇಲ್ಲದಿದ್ದರೆ ಇದನ್ನು ಮರೆತುಬಿಡಿ. ಅವಕಾಶ ಇದ್ದರೂ ಕ್ಲಬ್ಬಿನ ನಿಯಮ ಕೇಳಿಕೊಂಡೇ ಕೊಳ್ಳಿ, ಹುಲ್ಲು ಹಾಳಾಗುತ್ತದೆ ಅಂತ ಕೆಲವು ಕಡೆ ಈ ಮೊಳೆಗಳನ್ನು ಬಿಡುವುದಿಲ್ಲ. (ಹುಲ್ಲಿನ ಮೇಲೆ ನಡೆಯುವ ವಿಂಬಲ್ಡನ್ ಅಂತೂ ಬಿಳಿ ಬಿಟ್ಟು ಬೇರೆ ಬಣ್ಣವನ್ನೂ ಬಿಡುವುದಿಲ್ಲ. 2013ರಲ್ಲಿ ರೋಜರ್ ಫೆಡರರ್ ಕಿತ್ತಳೆ ಬಣ್ಣದ ಅಟ್ಟೆಯ ಶೂ ಹಾಕಿ ಮೊದಲ ಸುತ್ತು ಆಡಿದರು, ಮುಂದಿನ ಪಂದ್ಯಕ್ಕೆ ಅದು ಬೇಡ ಅಂತ ಹೇಳಿಸಿಕೊಂಡರು.) ಮರಳು ತುಂಬಿದ ಕೃತಕ ಹುಲ್ಲಿನ ಮೇಲೆ ಆಡುವವರಿಗೆ ಅದಕ್ಕೆಂದೇ ಸಣ್ಣ ಉಬ್ಬುಗಳ ಅಟ್ಟೆ ಸಿಗುತ್ತದೆ. ಒಳಾಂಗಣ ಕೋರ್ಟ್ ಆದರೆ ನೆಲದ ಮೇಲೆ ಕಪ್ಪು ಗೆರೆ ಬೀಳಿಸದ, ನಾನ್ ಮಾರ್ಕಿಂಗ್ ಅಟ್ಟೆ ಕೇಳುತ್ತಾರೆ.

ಎರಡು ಮೂರು ಥರದ ಕೋರ್ಟಿನಲ್ಲಿ ಆಡುತ್ತೇನೆ ಅನ್ನುವವರು ಆಲ್ ಕೋರ್ಟ್ ಶೂ ತೆಗೆದುಕೊಳ್ಳಬಹುದು. ಆದರೆ ಹತ್ತರಲ್ಲಿ ಎಂಟು ದಿನ ಒಂದೇ ನೆಲದ ಮೇಲೆ ಆಡುತ್ತಿದ್ದರೆ ಆ ನೆಲಕ್ಕೆ ಕೊಳ್ಳುವುದೇ ಜಾಣತನ.

ಹಂತ 2: ಪಾದ ಅಳೆಯಿರಿ, ನೆನಪಿನಲ್ಲಿರುವ ನಂಬರ್ ನಂಬಬೇಡಿ

"ನಂದು ಒಂಬತ್ತು" ಅಂತ ವರ್ಷಗಟ್ಟಲೆ ಹೇಳಿಕೊಂಡು ಬಂದಿರುತ್ತೇವೆ. ಒಂಬತ್ತು ಅಂದರೆ ಯುಕೆ ಒಂಬತ್ತಾ, ಯುಎಸ್ ಒಂಬತ್ತಾ? ಇವೆರಡರ ನಡುವಿನ ಅಂತರ ಕೆಲವು ಕಂಪನಿಗಳಲ್ಲಿ ಅರ್ಧ ಸೈಜು, ಕೆಲವದರಲ್ಲಿ ಒಂದು ಸೈಜು. ಇದೆಲ್ಲ ಗೊಂದಲ ಬೇಡ, ಸೆಂಟಿಮೀಟರಿನಲ್ಲಿ ಅಳೆದುಬಿಡಿ.

ಸಂಜೆ ಹೊತ್ತು ಅಳೆಯಿರಿ, ದಿನವಿಡೀ ಓಡಾಡಿದ ಮೇಲೆ ಪಾದ ಸ್ವಲ್ಪ ಊದಿರುತ್ತದೆ, ಆಡುವಾಗಲೂ ಹಾಗೇ ಊದುತ್ತದೆ. ಆಡುವ ಸಾಕ್ಸ್ ಹಾಕಿಕೊಂಡು, ನೆಲದ ಮೇಲೆ ಹಾಳೆ ಇಟ್ಟು, ಹಿಮ್ಮಡಿಯನ್ನು ಗೋಡೆಗೆ ತಾಗಿಸಿ ನಿಂತುಕೊಳ್ಳಿ. ಕೂತು ಅಳೆಯಬೇಡಿ, ಭಾರ ಬಿದ್ದಾಗಲೇ ಪಾದ ಪೂರ್ತಿ ಹರಡುವುದು. ಅತಿ ಉದ್ದದ ಬೆರಳಿನ ತುದಿಯಲ್ಲಿ ಪೆನ್ನು ನೆಟ್ಟಗೆ ಹಿಡಿದು ಗುರುತು ಮಾಡಿ. ಎಲ್ಲರಿಗೂ ಹೆಬ್ಬೆರಳೇ ಉದ್ದ ಇರುವುದಿಲ್ಲ, ಎಷ್ಟೋ ಜನರಿಗೆ ಪಕ್ಕದ ಬೆರಳು ಮುಂದೆ ಇರುತ್ತದೆ. ಎರಡೂ ಕಾಲು ಅಳೆದು ದೊಡ್ಡದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಆ ಅಂಕಿಯನ್ನು ಕಂಪನಿಯ ಸೈಜ್ ಪಟ್ಟಿಯ ಜೊತೆ ಹೋಲಿಸಿ. ಅರ್ಧ ಸೈಜ್ ಅಂದರೆ ಸುಮಾರು 4 ಮಿಲಿಮೀಟರ್, ಕೇಳಲು ಕಡಿಮೆ, ಉಗುರಿಗೆ ಅದೇ ಜಾಸ್ತಿ.

ಉದ್ದಕ್ಕಿಂತ ಹೆಚ್ಚು ಜನ ಎಡವುವುದು ಅಗಲದಲ್ಲಿ. ಪಾದ ಅಗಲ ಇರುವವರು ಶೂ ಬಿಗಿ ಅನಿಸಿತು ಅಂತ ಒಂದು ಸೈಜ್ ದೊಡ್ಡದು ಕೊಳ್ಳುತ್ತಾರೆ. ಅಗಲಕ್ಕೇನೋ ಸರಿ ಹೋಗುತ್ತದೆ, ಆದರೆ ಈಗ ಶೂ ಬಾಗುವ ಜಾಗ ಬೇರೆ, ನಿಮ್ಮ ಪಾದ ಬಾಗುವ ಜಾಗ ಬೇರೆ. ಪ್ರತಿ ಸಲ ನಿಂತಾಗಲೂ ಪಾದ ಮುಂದಕ್ಕೆ ಜಾರಿ ಬೆರಳು ಗುದ್ದಿಕೊಳ್ಳುತ್ತದೆ, ಕೊನೆಗೆ ಉಗುರು ಕಪ್ಪಾಗುತ್ತದೆ. ಗಂಡಸರ ಶೂಗಳಲ್ಲಿ ಮಾಮೂಲಿ ಅಗಲವನ್ನು ಡಿ ಅಂತ ಗುರುತಿಸುತ್ತಾರೆ, ಅಗಲದ್ದು 2ಇ, ಇನ್ನೂ ಅಗಲದ್ದು 4ಇ. ಎಲ್ಲ ಕಂಪನಿಗಳೂ ಎಲ್ಲ ಅಗಲ ಮಾಡುವುದಿಲ್ಲ. ನ್ಯೂ ಬ್ಯಾಲೆನ್ಸ್ ಈ ವಿಷಯದಲ್ಲಿ ಹೆಸರು ಮಾಡಿದೆ. ಪಾದ ತೀರಾ ಕಿರಿದಾಗಿರುವವರಿಗೆ ಒಂದು ಉಪಾಯ ಇದೆ: ಹೆಂಗಸರ ಮಾಡೆಲ್ ನೋಡಿ. ಅದರ ಮಾಮೂಲಿ ಅಗಲ ಬಿ, ಗಂಡಸರದ್ದಕ್ಕಿಂತ ಕಿರಿದು. ಬಣ್ಣ ಒಪ್ಪಿಗೆಯಾದರೆ ಮುಗಿಯಿತು, ಕಾಲಿಗೆ ಹೆಸರುಪಟ್ಟಿ ಗೊತ್ತಾಗುವುದಿಲ್ಲ.

ಅಗಲ ಸರಿ ಇದೆಯಾ ಅಂತ ತಿಳಿಯಲು ಶೂ ಒಳಗಿನ ಇನ್‌ಸೋಲ್ ಹೊರಗೆ ತೆಗೆದು ನೆಲದ ಮೇಲಿಟ್ಟು ಅದರ ಮೇಲೆ ನಿಲ್ಲಿ. ಕಿರುಬೆರಳಿನ ಬುಡ ಅಂಚು ದಾಟಿ ಆಚೆ ಚಾಚಿದ್ದರೆ ಆ ಶೂ ನಿಮ್ಮದಲ್ಲ. ಅಂಗಡಿಯವರು ವಿಚಿತ್ರವಾಗಿ ನೋಡಬಹುದು, ನೋಡಲಿ.

ಒದ್ದೆ ಪಾದದ ಗುರುತು ನೋಡಿ ಚಪ್ಪಟೆ ಪಾದವೋ, ಕಮಾನು ಎತ್ತರವೋ ಅಂತ ಹೇಳುವ ಪರೀಕ್ಷೆ ನಿಮಗೂ ಗೊತ್ತಿರಬಹುದು. ಅದು ಸಣ್ಣ ಸುಳಿವು ಅಷ್ಟೇ, ಅದೊಂದನ್ನೇ ನಂಬಿ ಶೂ ಆರಿಸಬೇಡಿ. ಈಗಾಗಲೇ ವೈದ್ಯರು ಹೇಳಿ ಮಾಡಿಸಿದ ಇನ್‌ಸೋಲ್ ಇದ್ದರೆ ಮಾತ್ರ ಅದನ್ನು ಅಂಗಡಿಗೆ ತೆಗೆದುಕೊಂಡು ಹೋಗಿ, ಒಳಗಿಟ್ಟೇ ಹಾಕಿ ನೋಡಿ.

ಹಂತ 3: ಹಳೆಯ ಶೂ ತಿರುಗಿಸಿ ನೋಡಿ

ನೀವು ಹೇಗೆ ಆಡುತ್ತೀರಿ ಅಂತ ನಿಮ್ಮನ್ನು ಕೇಳಿದರೆ "ಅಟ್ಯಾಕಿಂಗ್" ಅನ್ನುತ್ತೀರಿ. ಎಲ್ಲರೂ ಅದನ್ನೇ ಅನ್ನುವುದು. ನಿಜ ಬರೆದಿರುವುದು ಹಳೆಯ ಶೂ ಅಟ್ಟೆಯ ಮೇಲೆ.

ಹೆಬ್ಬೆರಳಿನ ಬುಡದ ಕೆಳಗೆ ದುಂಡಗೆ ಸವೆದಿದ್ದರೆ ಅದು ಸಹಜ, ಎಲ್ಲರೂ ತಿರುಗುವುದು ಅಲ್ಲೇ. ಹೊರ ಅಂಚು ಸವೆದಿದ್ದರೆ ನೀವು ಬೇಸ್‌ಲೈನಿನಲ್ಲಿ ಅತ್ತಿತ್ತ ಓಡಿ ಪಕ್ಕಕ್ಕೆ ಬ್ರೇಕ್ ಹಾಕುವವರು. ಅಗಲ ತಳದ, ಹೊರ ಅಂಚು ಸ್ವಲ್ಪ ಆಚೆಗೆ ಚಾಚಿದ, ಪಕ್ಕದ ಗೋಡೆ ಗಟ್ಟಿ ಇರುವ ಶೂ ನಿಮಗೆ ಬೇಕು. ಏಸಿಕ್ಸ್ ಜೆಲ್-ರೆಸಲ್ಯೂಷನ್, ಅಡಿಡಾಸ್ ಬ್ಯಾರಿಕೇಡ್ ಈ ಜಾತಿಯವು. ಭಾರ ಸ್ವಲ್ಪ ಜಾಸ್ತಿ, ಅದಕ್ಕೆ ತಕ್ಕ ಹಿಡಿತವೂ ಜಾಸ್ತಿ. ಮೈತೂಕ ಹೆಚ್ಚಿರುವವರಿಗೂ, ಒಮ್ಮೆ ಕಾಲು ಉಳುಕಿಸಿಕೊಂಡವರಿಗೂ ನಾನು ಇವನ್ನೇ ಹೇಳುವುದು.

ಒಂದು ಶೂನ ಮೂತಿಯ ಒಳಬದಿ ಮಾತ್ರ ಉಜ್ಜಿ ತೂತು ಬಿದ್ದಿದ್ದರೆ ನೀವು ಸರ್ವ್ ಮಾಡುವಾಗಲೋ ಫೋರ್‌ಹ್ಯಾಂಡ್ ಹೊಡೆಯುವಾಗಲೋ ಹಿಂದಿನ ಕಾಲನ್ನು ಎಳೆಯುತ್ತೀರಿ. ಬಲಗೈ ಆಟಗಾರರಿಗೆ ಸಾಮಾನ್ಯವಾಗಿ ಬಲಗಾಲಿನ ಶೂ ಮೊದಲು ಹೋಗುವುದು ಇದಕ್ಕೇ. ತುದಿಯಲ್ಲಿ ಅಟ್ಟೆಯ ರಬ್ಬರು ಮೇಲಕ್ಕೆ ಹತ್ತಿ ಬಂದು ಮೂತಿಯ ಒಳಬದಿಯನ್ನು ಮುಚ್ಚಿರುವ ಶೂ ಹುಡುಕಿ. ಬರೀ ಜಾಲರಿ ಬಟ್ಟೆಯ ಮೂತಿ ಇದ್ದರೆ ಎಷ್ಟೇ ಹಗುರವಾಗಿದ್ದರೂ ಬೇಡ, ಅಟ್ಟೆ ಹೊಸದರಂತೆ ಇರುವಾಗಲೇ ಬೆರಳು ಹೊರಗೆ ಇಣುಕುತ್ತದೆ.

ಇನ್ನು ನೆಟ್ ಹತ್ತಿರ ಹೋಗುವವರು, ಡಬಲ್ಸ್ ಆಡುವವರು, ಚುರುಕಾಗಿ ಹೆಜ್ಜೆ ಇಡುವವರು ಹಗುರ ಶೂ ನೋಡಬಹುದು. ಏಸಿಕ್ಸ್ ಸೊಲ್ಯೂಷನ್ ಸ್ಪೀಡ್, ಅಡಿಡಾಸ್ ಉಬರ್‌ಸಾನಿಕ್, ಬಾಬೊಲಾ ಜೆಟ್ ಇಂಥವು. ಹಗುರ ಅಂದರೆ ಎಲ್ಲೋ ಒಂದು ಕಡೆ ರಬ್ಬರು, ಫೋಮು ಕಡಿಮೆ ಮಾಡಿದ್ದಾರೆ ಅಂತಲೇ ಅರ್ಥ, ಅದು ಬಾಳಿಕೆಯಲ್ಲೋ ಕುಶನ್‌ನಲ್ಲೋ ಕಾಣಿಸುತ್ತದೆ. ವಾರಕ್ಕೆ ನಾಲ್ಕು ದಿನ ಹಾರ್ಡ್ ಕೋರ್ಟಿನಲ್ಲಿ ಸಿಂಗಲ್ಸ್ ಆಡುವ, ನಲವತ್ತು ದಾಟಿದ ವ್ಯಕ್ತಿಗೆ ತೀರಾ ಹಗುರ ಶೂ ನನ್ನ ಮಟ್ಟಿಗೆ ಬೇಡ. ಮೊದಲ ಸೆಟ್‌ನಲ್ಲಿ ಹಿತವಾಗಿರುತ್ತದೆ, ಮಾರನೇ ಬೆಳಿಗ್ಗೆ ಹಿಮ್ಮಡಿ ಲೆಕ್ಕ ಕೇಳುತ್ತದೆ.

ಮೆತ್ತಗಿದ್ದಷ್ಟೂ ಒಳ್ಳೆಯದು ಅನ್ನುವ ನಂಬಿಕೆಯೂ ಇದೆ, ಅದೂ ತಪ್ಪೇ. ಪಾದ ನೆಲದಿಂದ ಎತ್ತರ ಹೋದಷ್ಟೂ, ಕೆಳಗಿನ ಫೋಮ್ ಮೆತ್ತಗಾದಷ್ಟೂ ಪಕ್ಕಕ್ಕೆ ವಾಲುವ ಸಾಧ್ಯತೆ ಜಾಸ್ತಿ.

ಹಂತ 4: ಅಂಗಡಿಯಲ್ಲಿ ಕೂತು ನೋಡಬೇಡಿ, ಆಡಿ ನೋಡಿ

ಎರಡೂ ಶೂ ಹಾಕಿ. ಲೇಸ್ ತುದಿ ಹಿಡಿದು ಎಳೆಯುವುದಲ್ಲ, ಕೆಳಗಿನ ತೂತಿನಿಂದ ಒಂದೊಂದಾಗಿ ಬಿಗಿ ಮಾಡುತ್ತಾ ಬನ್ನಿ. ಎದ್ದು ನಿಂತಾಗ ಉದ್ದ ಬೆರಳಿನ ಮುಂದೆ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್ ಜಾಗ ಇರಬೇಕು. ಒಳಗೆ ಬೆರಳುಗಳನ್ನು ಆಡಿಸಲು ಆಗಬೇಕು, ಹಿಮ್ಮಡಿ ಮಾತ್ರ ಕದಲಬಾರದು.

ಈಗ ರಾಕೆಟ್ ಇದೆ ಅಂದುಕೊಂಡು ಪಕ್ಕಕ್ಕೆ ಮೂರು ಹೆಜ್ಜೆ ಹೋಗಿ ಗಕ್ಕನೆ ನಿಲ್ಲಿ. ಪಾದ ಶೂ ಜೊತೆಗೇ ನಿಂತಿತಾ, ಅಥವಾ ಶೂ ನಿಂತ ಮೇಲೂ ಒಳಗೆ ಸ್ವಲ್ಪ ಮುಂದೆ ಹೋಯಿತಾ? ಕಿರುಬೆರಳಿನ ಕಡೆ ಅಂಚಿನ ಮೇಲೆ ಏರಿ ಕೂತಿತಾ? ಆಮೇಲೆ ಮುಂದಕ್ಕೆ ಓಡಿ ಬ್ರೇಕ್ ಹಾಕಿ, ಬೆರಳು ಮೂತಿಗೆ ತಾಗಬಾರದು. ತುದಿಗಾಲಿನಲ್ಲಿ ನಿಂತು ಸರ್ವ್ ಮಾಡಿದಂತೆ ಮೇಲಕ್ಕೆ ಚಾಚಿ, ಹಿಮ್ಮಡಿ ಶೂ ಬಿಟ್ಟು ಮೇಲೆ ಬರಬಾರದು. ಹತ್ತು ನಿಮಿಷ ಹಾಕಿಕೊಂಡೇ ಓಡಾಡಿ. ಅಂಗಡಿಯಲ್ಲಿ ಹೀಗೆ ಕುಣಿಯಲು ನಾಚಿಕೆ ಅನ್ನುವವರು ಮನೆಗೆ ತರಿಸಿಕೊಂಡು ಶುಚಿಯಾದ ನೆಲದ ಮೇಲೆ ಇದನ್ನೇ ಮಾಡಲಿ. ಅಟ್ಟೆಗೆ ಕೊಳೆ ಆಗದಿದ್ದರೆ ವಾಪಸ್ ಕೊಡುವುದು ಸುಲಭ, ಆದರೆ ವಾಪಸಾತಿ ನಿಯಮವನ್ನು ಕೊಳ್ಳುವ ಮೊದಲೇ ಓದಿ.

"ಆಡ್ತಾ ಆಡ್ತಾ ಸಡಿಲ ಆಗುತ್ತೆ ಸಾರ್" ಅನ್ನುವ ಮಾತು ಬರುತ್ತದೆ. ಮೇಲಿನ ಗಟ್ಟಿ ಭಾಗ ನಾಲ್ಕು ದಿನದಲ್ಲಿ ಸ್ವಲ್ಪ ಪಳಗುತ್ತದೆ, ನಿಜ. ಆದರೆ ಉದ್ದ ಒಂದು ಎಳೆಯೂ ಹೆಚ್ಚುವುದಿಲ್ಲ, ಈಗಿನ ಸಿಂಥೆಟಿಕ್ ಶೂಗಳು ಹಳೆಯ ಚರ್ಮದ ಶೂಗಳಷ್ಟು ಹಿಗ್ಗುವುದೂ ಇಲ್ಲ. ಮೊದಲ ದಿನವೇ ಎಲ್ಲಾದರೂ ಒತ್ತಿದರೆ ಅದು ಒತ್ತುತ್ತಲೇ ಇರುತ್ತದೆ.

ಇನ್ನೊಂದು ವಿಷಯ. ಕಳೆದ ಸಲ ಕೊಂಡ ಮಾಡೆಲ್ ಚೆನ್ನಾಗಿತ್ತು ಅಂತ ಕಣ್ಣು ಮುಚ್ಚಿ ಅದರ ಹೊಸ ಆವೃತ್ತಿ ತರಿಸಬೇಡಿ. ಹೆಸರು ಅದೇ, ಕೊನೆಯ ಅಂಕಿ ಬದಲು, ಆದರೆ ಒಳಗಿನ ಅಳತೆಯೇ ಬೇರೆ ಆಗಿರಬಹುದು.

ಹಂತ 5: ಸಾಕ್ಸ್ ಮತ್ತು ಲೇಸ್

ಪೂರ್ತಿ ಹತ್ತಿಯ ಸಾಕ್ಸ್ ಬೆವರು ಹೀರಿ ಒದ್ದೆಯಾಗಿ ಹಾಗೇ ಇರುತ್ತದೆ, ಒದ್ದೆ ಚರ್ಮ ಉಜ್ಜಿ ಬೊಬ್ಬೆ ಏಳುತ್ತದೆ. ಸಿಂಥೆಟಿಕ್ ಬೆರೆತ, ಹಿಮ್ಮಡಿ ಮತ್ತು ಬೆರಳಿನ ಹತ್ತಿರ ದಪ್ಪ ಇರುವ ಸಾಕ್ಸ್ ವಾಸಿ.

ಹಿಮ್ಮಡಿ ಸ್ವಲ್ಪ ಕದಲುತ್ತದೆ ಅನ್ನುವುದೊಂದೇ ತೊಂದರೆಯಾದರೆ ಶೂ ಬದಲಿಸುವ ಮೊದಲು ಮೇಲಿನ ಕೊನೆಯ ತೂತು ಬಳಸಿ ನೋಡಿ. ಪ್ರತಿ ಬದಿಯಲ್ಲೂ ಲೇಸನ್ನು ಕೊನೆಯ ಎರಡು ತೂತುಗಳ ನಡುವೆ ಸಣ್ಣ ಕುಣಿಕೆಯಾಗಿ ಬಿಟ್ಟು, ಎದುರು ಬದಿಯ ಲೇಸನ್ನು ಆ ಕುಣಿಕೆಯೊಳಗೆ ತೂರಿಸಿ ಎಳೆದು ಕಟ್ಟಿ. ಹಿಮ್ಮಡಿ ಹಿಂದಕ್ಕೆ ಒತ್ತಿ ಕೂರುತ್ತದೆ. ಪಾದದ ಮೇಲ್ಭಾಗ ಒತ್ತುತ್ತಿದ್ದರೆ ಆ ಒಂದು ಜಾಗದಲ್ಲಿ ಮಾತ್ರ ಲೇಸನ್ನು ಅಡ್ಡ ಹಾಯಿಸದೆ ಅದೇ ಬದಿಯಲ್ಲಿ ನೇರ ಮೇಲಕ್ಕೆ ಒಯ್ಯಿರಿ.

ಹಂತ 6: ಗ್ಯಾರಂಟಿ, ಹಳೆ ಸ್ಟಾಕು

ಕೆಲವು ಕಂಪನಿಗಳು ಹಾರ್ಡ್ ಕೋರ್ಟಿನ ಕೆಲವು ಮಾಡೆಲ್‌ಗಳಿಗೆ ಆರು ತಿಂಗಳ ಅಟ್ಟೆ ಗ್ಯಾರಂಟಿ ಕೊಡುತ್ತವೆ. ಅಷ್ಟರೊಳಗೆ ಅಟ್ಟೆ ಪೂರ್ತಿ ಸವೆದರೆ ಬೇರೆ ಜೋಡಿ. ಜಾಸ್ತಿ ಆಡುವವರಿಗೆ ಇದು ದೊಡ್ಡ ಲಾಭ, ಆದರೆ ಎಲ್ಲ ದೇಶಗಳಲ್ಲೂ ಎಲ್ಲ ಮಾಡೆಲ್‌ಗೂ ಇರುವುದಿಲ್ಲ. ಕೇಳಿ, ಬಿಲ್ ಜೋಪಾನ ಮಾಡಿ. ಗ್ಯಾರಂಟಿ ಅಟ್ಟೆಗೆ ಮಾತ್ರ, ಮೂತಿ ಹರಿದರೆ ಇಲ್ಲ ಅನ್ನುವುದೂ ನೆನಪಿರಲಿ.

ಹೋದ ಸೀಸನ್ನಿನ ಬಣ್ಣ ಕಡಿಮೆಗೆ ಸಿಕ್ಕರೆ ಧೈರ್ಯವಾಗಿ ಕೊಳ್ಳಿ. ಆದರೆ ಗೋದಾಮಿನಲ್ಲಿ ಐದಾರು ವರ್ಷ ಕೂತಿದ್ದು ಬೇಡ. ಅಂಟು ಒಣಗಿರುತ್ತದೆ. ಕೆಲವು ಶೂಗಳಲ್ಲಿ ಬಳಸುವ ಪಾಲಿಯುರಿಥೇನ್ ಫೋಮ್ ಗಾಳಿಯ ತೇವಕ್ಕೇ ನಿಧಾನವಾಗಿ ಶಿಥಿಲವಾಗುತ್ತದೆ, ಒಮ್ಮೆಯೂ ಹಾಕದ ಶೂ ಮೊದಲ ದಿನವೇ ಪುಡಿಪುಡಿಯಾಗಿ ಉದುರುವುದುಂಟು.

ಹಂತ 7: ಕೊಂಡ ಮೇಲೆ

ಹೊಸ ಶೂ ಹಾಕಿಕೊಂಡು ನೇರವಾಗಿ ಪಂದ್ಯಕ್ಕೆ ಇಳಿಯಬೇಡಿ, ಒಂದೆರಡು ದಿನ ಪ್ರಾಕ್ಟೀಸಿನಲ್ಲಿ ಹಾಕಿ. ಕೋರ್ಟಿಗೆ ಹೋಗಿ ಬರುವಾಗ ಬೇರೆ ಚಪ್ಪಲಿ ಇರಲಿ. ಆಟ ಮುಗಿದ ಮೇಲೆ ಇನ್‌ಸೋಲ್ ಹೊರಗೆ ತೆಗೆದು, ಒಳಗೆ ಹಳೆ ಪೇಪರ್ ತುರುಕಿ, ನೆರಳಿನಲ್ಲಿ ಒಣಗಿಸಿ. ಬಿಸಿಲು, ವಾಷಿಂಗ್ ಮೆಷಿನ್ ಎರಡೂ ಅಂಟಿಗೆ ಶತ್ರು. ವಾರಕ್ಕೆ ಮೂರು ದಿನಕ್ಕಿಂತ ಜಾಸ್ತಿ ಆಡುವವರು ಎರಡು ಜೋಡಿ ಇಟ್ಟುಕೊಂಡು ಅದಲು ಬದಲು ಮಾಡಿದರೆ ಎರಡೂ ಪೂರ್ತಿ ಒಣಗುತ್ತವೆ. ಒಣಗಿಸಲು ಹೊರಗೆ ಇಡುವಾಗ ಜಾಗ ಮಾತ್ರ ನೋಡಿಕೊಳ್ಳಿ. 2021ರಲ್ಲಿ ಅಮೆರಿಕದ ಇಂಡಿಯನ್ ವೆಲ್ಸ್ ಪಂದ್ಯಾವಳಿಗೆ ಹೋದ ಆ್ಯಂಡಿ ಮರ್ರೆ ವಾಸನೆ ಬರುತ್ತಿದ್ದ ಶೂಗಳನ್ನು ರಾತ್ರಿ ಕಾರಿನ ಕೆಳಗೆ ಇಟ್ಟರು, ಬೆಳಿಗ್ಗೆ ನೋಡಿದರೆ ಶೂ ಇಲ್ಲ, ಲೇಸ್‌ಗೆ ಕಟ್ಟಿದ್ದ ಮದುವೆ ಉಂಗುರವೂ ಇಲ್ಲ. ಪುಣ್ಯಕ್ಕೆ ಆಮೇಲೆ ಎರಡೂ ಸಿಕ್ಕವು.

ಯಾವಾಗ ಬದಲಿಸಬೇಕು? ಅಟ್ಟೆ ಬೋಳಾಗುವವರೆಗೆ ಕಾಯುವವರೇ ಹೆಚ್ಚು. ಆದರೆ ಎಷ್ಟೋ ಸಲ ಅದಕ್ಕಿಂತ ಮೊದಲೇ ಒಳಗಿನ ಫೋಮ್ ಸತ್ತಿರುತ್ತದೆ, ಅದು ಕಣ್ಣಿಗೆ ಕಾಣುವುದಿಲ್ಲ. ಪಕ್ಕದಿಂದ ನೋಡಿ, ಫೋಮಿನ ಮೇಲೆ ಅಡ್ಡ ಸುಕ್ಕುಗಳು ಆಳವಾಗಿ ಬಿದ್ದು ಹಾಗೇ ಉಳಿದಿದ್ದರೆ ಅದು ಕುಸಿದಿದೆ. ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿ, ಒಂದು ಕಡೆ ವಾಲಿದ್ದರೆ ಅದರ ಕಥೆ ಮುಗಿದಂತೆ. ಆಟದಲ್ಲಿ ಏನೂ ಬದಲಾಗದೆ ಇದ್ದಕ್ಕಿದ್ದಂತೆ ಮಂಡಿ, ಹಿಮ್ಮಡಿ ನೋಯಲು ಶುರುವಾದರೆ ಮೊದಲು ಶೂ ಮೇಲೆ ಅನುಮಾನ ಪಡಿ. ಶೂ ಬದಲಿಸಿದರೂ ನೋವು ಹೋಗದಿದ್ದರೆ ವೈದ್ಯರ ಹತ್ತಿರ ಹೋಗಿ. ಹೊಸ ಇನ್‌ಸೋಲ್ ಹಾಕಿ ಹಳೆಯ ಶೂಗೆ ಜೀವ ಕೊಡುವ ಪ್ರಯತ್ನ ಬೇಡ, ಕೆಳಗಿನ ಫೋಮ್ ಹೋದ ಮೇಲೆ ಮೇಲೆ ಏನು ಹಾಸಿದರೂ ಅಷ್ಟೇ.

ಹಾಗೆ ಮುಗಿದ ಜೋಡಿಯನ್ನು ಗಿಡಕ್ಕೆ ನೀರು ಹಾಕಲೋ, ಗಾಡಿ ತೊಳೆಯಲೋ ಬಳಸಿಕೊಳ್ಳಿ. ಸ್ಪೇರ್ ಇರಲಿ ಅಂತ ಟೆನಿಸ್ ಬ್ಯಾಗಿನಲ್ಲಿ ಮಾತ್ರ ಇಟ್ಟುಕೊಳ್ಳಬೇಡಿ. ಹೊಸದನ್ನು ಮನೆಯಲ್ಲಿ ಮರೆತು ಬಂದ ದಿನ ಅದನ್ನೇ ಹಾಕಿಕೊಂಡು ಮೂರು ಸೆಟ್ ಆಡುತ್ತೀರಿ.